ಒಂದು ಸೆಕೆಂಡಿಗೆ ಮೂವತ್ತು ಮಾವಂದಿರು

ಜನವರಿ 8

ನನ್ನ ಪೆನ್ಸಿಲ್ ಸೊಸೆಗೆ,

ನಿನ್ನ ಕಾಗದ ಕೈ ಸೇರಿತು. ಮೊದಲ ಸಾಲಿನಲ್ಲೇ "ಮಾವ, ನನಗೆ ನಿನ್ನ ನಡಿಗೆ ಬೇಕು" ಅಂತ ಬರೆದಿದ್ದೀಯಲ್ಲ, ಓದಿ ಕುರ್ಚಿಯಿಂದ ಎದ್ದು ನಿಂತೆ. ಐವತ್ತೆಂಟು ವರ್ಷದಲ್ಲಿ ನನ್ನ ಹತ್ತಿರ ಏಣಿ ಕೇಳಿದವರಿದ್ದಾರೆ, ಬ್ರಷ್ಷು ಇಸಕೊಂಡು ಹೋಗಿ ಮತ್ತೆ ಮುಖ ತೋರಿಸದವರಿದ್ದಾರೆ. ನಡಿಗೆ ಕೇಳಿದವಳು ನೀನೊಬ್ಬಳೇ. ಚಿಕ್ಕವಳಿದ್ದಾಗ ನನ್ನ ಪೆನ್ಸಿಲ್ಲುಗಳನ್ನೆಲ್ಲ ಅಗಿದು ಮುಗಿಸಿದೆ, ಈಗ ಕಾಲಿಗೇ ಬಂದಿದ್ದೀಯ.

ಅಕ್ಕನ ಮಗಳು ಕೇಳಿದ ಮೇಲೆ ಕೊಡದೆ ಇರುತ್ತೇನೆಯೇ? ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಬೀದಿಯಲ್ಲಿ ನಡೆದೆ. ನಿಮ್ಮತ್ತೆ ಫೋನು ಹಿಡಿದಳು. ಮೊದಲ ಸಲ ತನ್ನ ಹೆಬ್ಬೆರಳಿನ ಚಿತ್ರ ತೆಗೆದಳು. ಎರಡನೇ ಸಲ ಎದುರು ಅಂಗಡಿಯ ದರ್ಜಿ ಅಡ್ಡ ಬಂದು, "ಏನಪ್ಪಾ, ಬೆಳಿಗ್ಗೆ ಬೆಳಿಗ್ಗೆ ಮೆರವಣಿಗೆ? ಹಿಂದೆ ಜನಾನೇ ಇಲ್ಲ!" ಅಂದ. "ಜನ ಎಲ್ಲ ಕಂಪ್ಯೂಟರ್ ಒಳಗಿದಾರೆ. ನಿನ್ನ ಟೇಪು ಸುತ್ಕೊಂಡು ದಾರಿ ಬಿಡು" ಅಂದೆ. ಮೂರನೇ ಸಲ ಸರಿಯಾಗಿ ಬಂತು. ಅದನ್ನೇ ನಿನ್ನ ಫೋನಿಗೆ ಕಳಿಸಿದ್ದಾಳೆ. ಕಾಗದ ಮಾತ್ರ ನಾನು ಅಂಚೆಗೇ ಹಾಕುವವನು. ಗಾಜಿನ ಮೇಲೆ ಬೆರಳಿನಿಂದ ಕುಟ್ಟುವುದು ಬರವಣಿಗೆಯಲ್ಲ, ಸೊಳ್ಳೆ ಹೊಡೆಯುವುದು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕಾಲು ಈಗ ಅಷ್ಟು ದೊಡ್ಡ ಕಾಲೇಜಿನಲ್ಲಿ ಪಾಠವಾಗುತ್ತಿದೆ ಅಂದರೆ ನಮ್ಮ ಹಳ್ಳಿ ಮೇಷ್ಟ್ರು ಎಲ್ಲಿದ್ದರೂ ಒಮ್ಮೆ ಕೆಮ್ಮಿರಬೇಕು. "ನಿನ್ನ ತಲೆಗೆ ಏನೂ ಹತ್ತಲ್ಲ" ಅಂದಿದ್ದರು ಮಹಾನುಭಾವರು. ಕಾಲಿನ ವಿಷಯ ಅವರು ಏನೂ ಹೇಳಿರಲಿಲ್ಲ.

ಇನ್ನೊಂದು ದೊಡ್ಡ ಸುದ್ದಿ. ಬೋರ್ಡು ಬರೆಯುವ ಕೆಲಸ ಸತ್ತೇ ಹೋಯಿತು, ಎಲ್ಲ ಪ್ಲಾಸ್ಟಿಕ್ ಹಾಳೆಯಲ್ಲಿ ಮುದ್ರಿಸಿ ಅಂಟಿಸುತ್ತಾರೆ ಅಂತ ಅಳುವವರಿಗೆ ಹೇಳು: ಹೊಸ ನೀರಿನ ಟ್ಯಾಂಕಿನ ಮೇಲೆ "ಕುಡಿಯುವ ನೀರು" ಅಂತ ಬರೆಯಲು ನನ್ನನ್ನೇ ಕರೆದಿದ್ದಾರೆ. ನೆಲದಿಂದ ಎಪ್ಪತ್ತು ಅಡಿ. ಒಂದೊಂದು ಅಕ್ಷರ ನನ್ನಷ್ಟೆತ್ತರ. ಗೋಡೆ ಗುಂಡಗಿದೆ, ಅದರ ಮೇಲೆ ಯಾವ ಪ್ಲಾಸ್ಟಿಕ್ಕೂ ನಿಲ್ಲುವುದಿಲ್ಲ, ನಿಮ್ಮ ಮಾವನ ಕೈ ಒಂದೇ ನಿಲ್ಲುವುದು. ಮಾರ್ಚಿನಲ್ಲಿ ಕೆಲಸ. ಮುಗಿದ ಮೇಲೆ ರೈಲಿನಲ್ಲಿ ಬರುವವರಿಗೂ ನನ್ನ ಅಕ್ಷರ ಕಾಣುತ್ತದೆ.

ನನ್ನ ನಡಿಗೆಯನ್ನು ಜೋಪಾನವಾಗಿಟ್ಟುಕೋ. ಒಂದೇ ಇರುವುದು.

ನಿನ್ನ ಮಾವ
(ಇನ್ನು ಮೇಲೆ ನಟ)


ಜನವರಿ 19

ಮಾವ,

ವಿಡಿಯೊ ನೋಡಿ ಇಡೀ ಕ್ಲಾಸು ನಿನ್ನ ಅಭಿಮಾನಿಯಾಗಿದೆ. ದರ್ಜಿ ಜೊತೆಗಿನ ಜಗಳವನ್ನೂ ಅತ್ತೆ ಕಳಿಸಿದ್ದು ಒಳ್ಳೆಯದಾಯಿತು.

ನಿನ್ನ ನಡಿಗೆಯನ್ನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ, ಕೇಳು. ಕಂಪ್ಯೂಟರಿನಲ್ಲಿ ಒಂದು ಬೊಂಬೆ ಕೊಡುತ್ತಾರೆ. ಅದಕ್ಕೆ ಮೂಳೆ ಇದೆ, ಕೀಲು ಇದೆ, ನಡೆಯಲು ಬರುವುದಿಲ್ಲ. ನಾನು ನಿನ್ನ ವಿಡಿಯೊವನ್ನು ಬಿಡಿಸಿ ಇಡುತ್ತೇನೆ. ಒಂದು ಸೆಕೆಂಡಿಗೆ ಮೂವತ್ತು ಚಿತ್ರ, ಅಂದರೆ ಮೂವತ್ತು ಮಾವಂದಿರು. ಒಬ್ಬೊಬ್ಬ ಮಾವನನ್ನೂ ನೋಡಿ ಬೊಂಬೆಯ ಸೊಂಟ, ಮಂಡಿ, ಭುಜ ಕೂರಿಸುತ್ತೇನೆ. ಕೊನೆಯ ಹೆಜ್ಜೆ ಮೊದಲ ಹೆಜ್ಜೆಗೆ ಕೂಡಬೇಕು, ಆಗ ಆಟ ಆಡುವವರು ಬೇಡ ಅನ್ನುವವರೆಗೂ ಅದು ನಡೆಯುತ್ತಲೇ ಇರುತ್ತದೆ.

ನಮ್ಮ ಗುಂಪು ಮಾಡುತ್ತಿರುವುದು ಹೆದರಿಸುವ ಆಟ. ಮುಚ್ಚಿಹೋದ ಒಂದು ಗೋದಾಮು, ಅದರಲ್ಲಿ ಒಬ್ಬ ಕಾವಲುಗಾರ. ಅವನು ಟಾರ್ಚ್ ಹಿಡಿದು ಓಡಾಡುವಾಗ ಆಡುವವರು ಮೇಜಿನ ಕೆಳಗೆ ಅಡಗಿರಬೇಕು. ಆ ಕಾವಲುಗಾರನೇ ನೀನು. ಕೋಪ ಮಾಡಿಕೊಳ್ಳಬೇಡ, ಸಂಬಳವಿಲ್ಲದಿದ್ದರೂ ಮುಖ್ಯ ಪಾತ್ರ.

ಮೊನ್ನೆ ಮೇಡಂ ಹತ್ತಿರ ಬೈಸಿಕೊಂಡೆ. ಬೊಂಬೆ ನಡೆಯುವುದನ್ನು ನೋಡಿ, "ಬಲಗೈ ಯಾಕೆ ಸತ್ತಂಗಿದೆ? ಹೊಸಬರೆಲ್ಲ ಒಂದು ಕೈ ಮರೀತಾರೆ. ಎಡಗೈ ಬೀಸ್ತಿದೆ, ಬಲಗೈ ತೂಗುಹಾಕಿದ ಕೋಟಿನ ತೋಳಿನ ಥರ ಇದೆ" ಅಂದರು. ನೋಡಿದರೆ ನಿಜ. ನಾನು ವಿಡಿಯೊ ನೋಡಿಯೇ ಮಾಡಿದ್ದೆ, ಆದರೂ ಎಲ್ಲೋ ಎಡವಿದ್ದೇನೆ ಅನ್ನಿಸಿತು. ಎಡಗೈ ಬೀಸುವುದನ್ನೇ ಕನ್ನಡಿಯಲ್ಲಿ ಕಾಣುವ ಹಾಗೆ ಮಗುಚಿ ಬಲಗೈಗೆ ಹಾಕಿದೆ. ಈಗ ಎರಡೂ ಕೈ ಚೆನ್ನಾಗಿ ಬೀಸುತ್ತಿವೆ. "ಈಗ ಜೀವ ಬಂತು" ಅಂದರು ಮೇಡಂ.

ಟ್ಯಾಂಕಿನ ವಿಷಯ ಅಮ್ಮನಿಗೆ ಹೇಳಿದ್ದೀಯಾ? ಎಪ್ಪತ್ತು ಅಡಿ ಅಂತ ಕೇಳಿದರೆ ಬೈಯುತ್ತಾಳೆ.

ನಿನ್ನ ಪೆನ್ಸಿಲ್ಲು


ಜನವರಿ 30

ಸೊಸೆಗೆ,

ನಿಮ್ಮ ಮೇಡಂಗೆ ನನ್ನ ಕಡೆಯಿಂದ ಹೇಳು: ಈ ಕೈ ಮೂವತ್ತೈದು ವರ್ಷ ಅಳತೆಪಟ್ಟಿ ಇಲ್ಲದೆ ಗೆರೆ ಎಳೆದಿದೆ. ಬ್ಯಾಂಕಿನ ಬೋರ್ಡು, ಆಸ್ಪತ್ರೆಯ ಬೋರ್ಡು, "ಇಲ್ಲಿ ಉಗುಳಬಾರದು" ಎಂಬ ನೂರಾರು ಬೋರ್ಡು, ಎಲ್ಲ ಈ ಕೈಯದು. ಸತ್ತಂಗಿದೆಯಂತೆ! ರಾತ್ರಿಯೆಲ್ಲ ಬಲಮಗ್ಗುಲಿಗೆ ಮಲಗಿ ಭುಜ ಹಿಡಿದುಕೊಂಡಿದೆ, ಅಷ್ಟೇ. ಎಣ್ಣೆ ಹಚ್ಚಿದರೆ ಬಿಡುತ್ತದೆ. ಆದರೂ ನೀನು ತಿದ್ದಿದ್ದು ಒಳ್ಳೆಯದಾಯಿತು. ಪರದೆಯ ಮೇಲೆ ಮಾವ ಅಂದವಾಗಿ ಕಾಣಬೇಕು.

ನಾನು ಹೆದರಿಸುವ ಆಟದ ಕಾವಲುಗಾರ ಅಂತ ಬೀದಿಯಲ್ಲೆಲ್ಲ ಹೇಳಿ ಆಯಿತು. ದರ್ಜಿ, "ನಿನ್ನ ನೋಡಿದ್ರೆ ಹೆದರೋದು ನಿನ್ನ ಹೆಂಡತಿ ಒಬ್ಬಳೇ, ಅದೂ ನೀನು ಅಡುಗೆಮನೆಗೆ ಬಂದಾಗ" ಅಂದ. ಹೊಟ್ಟೆಕಿಚ್ಚು.

ಬಣ್ಣಕ್ಕೆ ಬೆರೆಸುವ ಈ ಟರ್ಪೆಂಟೈನ್ ಮಾರುವವರಿಗೆ ನಾಚಿಕೆ ಅನ್ನುವುದೇ ಇಲ್ಲ. ಮೊದಲು ಡಬ್ಬ ತೆಗೆದರೆ ಮೂಗಿನ ಕೂದಲು ಎದ್ದು ನಿಲ್ಲುತ್ತಿತ್ತು. ಈಗ ಬಾಟಲಿಗೆ ಮೂಗು ತೂರಿಸಿದರೂ ವಾಸನೆಯೇ ಇಲ್ಲ, ಬರೀ ನೀರು. ಮೂರು ಅಂಗಡಿ ಬದಲಾಯಿಸಿದೆ, ಮೂರೂ ಕಡೆ ಅದೇ ಮೋಸ.

ಮಂಡಿಗೆ ಪಟ್ಟಿ ಕಟ್ಟಿದ್ದು ಯಾಕೆ ಅಂತ ನಿಮ್ಮಮ್ಮ ಫೋನಿನಲ್ಲಿ ಕೇಳಿದಳಂತೆ. ನನ್ನಕ್ಕನಿಗೆ ಅಲ್ಲಿ ಕೂತೇ ಎಲ್ಲ ಕಾಣುತ್ತದೆ. ನಾಯಿ ಅಟ್ಟಿಸಿಕೊಂಡು ಬಂತು, ನಾನು ಓಡಿದೆ, ನಾಯಿಗಿಂತ ಮುಂದೆ ಓಡಿದ ಸಂತೋಷದಲ್ಲಿ ಬಿದ್ದೆ ಅಂತ ಹೇಳು.

ಕಾಗದದ ಕೊನೆ ಕೊನೆಗೆ ಅಕ್ಷರ ಸಣ್ಣದಾಗಿದೆ ಅಂತ ಗೊಣಗಬೇಡ. ಒಂದು ಹಾಳೆಯಲ್ಲಿ ಎರಡು ಹಾಳೆಯ ವಿಷಯ ತುಂಬುವ ಜಾಣತನ ಎಲ್ಲರಿಗೂ ಬರುವುದಿಲ್ಲ.

ನಿನ್ನ ಮಾವ


ಫೆಬ್ರವರಿ 14

ಮಾವ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪರೀಕ್ಷೆ ಹತ್ತಿರ ಬಂದಿದೆ.

ನನಗೆ ಇನ್ನೊಂದು ವಿಡಿಯೊ ಬೇಕು. ಹೊಸ ಪಾಠ ಬಂದಿದೆ, ಅದಕ್ಕೆ. ಬೇಗ ಬೇಕು. ಹೇಗೆ ಅಂತ ಬರೆಯುತ್ತೇನೆ, ಹಾಗೇ ಮಾಡು, ನಿನ್ನ ಕಡೆಯಿಂದ ಏನೂ ಸೇರಿಸಬೇಡ.

ಕೈಯಲ್ಲಿ ಡಬ್ಬ, ಚೀಲ, ಬ್ರಷ್ಷು ಯಾವುದೂ ಇರಬಾರದು. ಇಪ್ಪತ್ತು ಹೆಜ್ಜೆ ಹೋಗಿ, ನಿಂತು, ತಿರುಗಿ, ವಾಪಸು ಬಾ. ಆಮೇಲೆ ಕುರ್ಚಿಯಲ್ಲಿ ಕೂತು, ಎದೆಯ ಮೇಲೆ ಕೈ ಕಟ್ಟಿ, ಕೈ ಊರದೆ ಎದ್ದು ನಿಲ್ಲು. ಆಮೇಲೆ ಹೆಬ್ಬೆರಳಿಗೆ ತೋರುಬೆರಳನ್ನು ಟಪ ಟಪ ಅಂತ ಬೇಗ ಬೇಗ ತಟ್ಟು. ಮೊದಲು ಎಡಗೈ, ಆಮೇಲೆ ಬಲಗೈ. ಅತ್ತೆಗೆ ಹತ್ತಿರದಿಂದ ಹಿಡಿಯಲು ಹೇಳು. ಆಟದಲ್ಲಿ ಕಾವಲುಗಾರ ಬೆರಳು ತಟ್ಟುವ ದೃಶ್ಯ ಇದೆ.

ಭುಜದ ನೋವು ಹೋಯಿತಾ? ಎಂದಿನಿಂದ ಇದೆ ಅದು? ಈ ವರ್ಷದ್ದಾ, ಹೋದ ವರ್ಷದ್ದಾ? ಸುಮ್ಮನೆ ಕೇಳಿದೆ.

ಅಂಗಿಯ ಗುಂಡಿ ನೀನೇ ಹಾಕಿಕೊಳ್ಳುತ್ತೀಯಾ? ಇದನ್ನೂ ಸುಮ್ಮನೆ ಕೇಳಿದೆ. ಕಾವಲುಗಾರನಿಗೆ ಅಂಗಿ ತೊಡಿಸಬೇಕು.

ಟ್ಯಾಂಕಿನ ತಾರೀಖು ಗೊತ್ತಾಗಿದ್ದರೆ ಬರಿ. ಮರೆಯದೆ ಬರಿ.

ಪೆನ್ಸಿಲ್ಲು


ಫೆಬ್ರವರಿ 24

ಸೊಸೆಗೆ,

ಪೊಲೀಸ್ ಠಾಣೆಯಿಂದ ಬಂದ ಹಾಗಿತ್ತು ನಿನ್ನ ಕಾಗದ. ಒಂದು ನಗೆಯಿಲ್ಲ, ಒಂದು ಬೈಗುಳವಿಲ್ಲ. ಮೇಡಂ ಪಕ್ಕದಲ್ಲೇ ಕೂತು ಬರೆಸಿದರೇನು?

ನನಗೆ ಅರ್ಥವಾಯಿತು, ಬಿಡು. ನನ್ನ ನಡಿಗೆಯಿಂದ ಕ್ಲಾಸಿನಲ್ಲಿ ನಿನಗೆ ಮುಖಭಂಗವಾಗಿದೆ, ಹೇಳಲು ಸಂಕೋಚ. ಅದಕ್ಕೇ ಈ ಸಲ ಚೆಂದ ಮಾಡಿ ನಡೆದಿದ್ದೇನೆ. ಬಲಗೈ ಸತ್ತಂಗಿದೆ ಅಂದರಲ್ಲ, ಈಗ ನೋಡಲಿ. ಪರೇಡಿನ ಸಿಪಾಯಿ ಕೂಡ ಹಾಗೆ ಬೀಸಿರಲಿಕ್ಕಿಲ್ಲ. ಕೈ ಬೀಸಿದ ರಭಸಕ್ಕೆ ನಿಮ್ಮತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ನಡುವೆ ದರ್ಜಿ ಏನೋ ಕೂಗಿದ, ಅವನಿಗೆ ಉತ್ತರ ಕೊಡುತ್ತಲೇ ನಡೆದೆ. ಒಂದೇ ಹೊತ್ತಿಗೆ ಎರಡು ಕೆಲಸ! ಆ ಭಾಗ ಬೇಡದಿದ್ದರೆ ಕತ್ತರಿಸಿಕೋ.

ತಿರುಗುವ ಕಡೆ ಸ್ವಲ್ಪ ಹೊತ್ತಾಯಿತು. ದೊಡ್ಡ ಲಾರಿಗಳು ಹಾಗೇ ತಿರುಗುವುದು, ಒಂದೇ ಏಟಿಗೆ ತಿರುಗುವುದು ಸೈಕಲ್ಲು. ಕುರ್ಚಿಯಿಂದ ಏಳುವುದು ಮೂರನೇ ಯತ್ನಕ್ಕೆ ಆಯಿತು, ಕುರ್ಚಿ ತಗ್ಗು. ಬೆರಳು ತಟ್ಟುವುದು ಮಕ್ಕಳಾಟ. ಎಡಗೈಯಲ್ಲಿ ಮುಗಿಸಿ ಬಲಗೈಯಲ್ಲಿ ಶುರು ಮಾಡಿದಾಗ ನಿಮ್ಮತ್ತೆ ಯಾಕೋ ಫೋನು ಕೆಳಗಿಟ್ಟು ಒಳಗೆ ಹೋದಳು. ಒಲೆಯ ಮೇಲೆ ಹಾಲಿತ್ತಂತೆ. ಬಂದು ಮತ್ತೆ ಹಿಡಿದಳು.

ಗುಂಡಿ ಅವಳೇ ಹಾಕುವುದು. ನಾನು ಹಾಕುತ್ತಾ ನಿಂತರೆ ಅಂಗಡಿ ತೆಗೆಯುವ ಹೊತ್ತು ಮೀರುತ್ತದೆ ಅಂತ ಅವಳ ಅವಸರ. ಮುದ್ದು ಮಾಡುತ್ತಾಳೆ, ನಿನಗ್ಯಾಕೆ ಹೊಟ್ಟೆಯುರಿ?

ಟ್ಯಾಂಕಿಗೆ ಮಾರ್ಚ್ ಹನ್ನೆರಡು. ಕಬ್ಬಿಣದ ಕೊಳವೆ ಕಟ್ಟಿ, ಹಲಗೆ ಹಾಸಿ, ಅಟ್ಟಣೆ ಎಬ್ಬಿಸುತ್ತಿದ್ದಾರೆ. ದಿನಾ ಹೋಗಿ ಕೆಳಗೆ ನಿಂತು ನೋಡಿ ಬರುತ್ತೇನೆ. ಗಂಟಲು ಒಣಗುತ್ತದೆ. ಬಿಸಿಲು ಜಾಸ್ತಿ.

ಮಾವ


ಮಾರ್ಚ್ 1

ಮಾವ,

ಇದನ್ನು ಐದು ಸಲ ಬರೆದು ಹರಿದೆ. ಈಗ ಬರೆದದ್ದನ್ನು ಹರಿಯುವುದಿಲ್ಲ.

ಆಟದಲ್ಲಿ ಬೆರಳು ತಟ್ಟುವ ದೃಶ್ಯ ಇಲ್ಲ. ನಾನು ಸುಳ್ಳು ಹೇಳಿದೆ.

ಫೆಬ್ರವರಿ ಹನ್ನೊಂದಕ್ಕೆ ನಮ್ಮ ಆಟವನ್ನು ಬೇರೆ ಕ್ಲಾಸಿನವರಿಗೆ ಆಡಲು ಕೊಟ್ಟಿದ್ದೆವು. ನಾನು ತಿದ್ದಿದ ನಡಿಗೆಯ ಬದಲು ಕೈತಪ್ಪಿ ಹಳೆಯದನ್ನು ಹಾಕಿಬಿಟ್ಟಿದ್ದೆ, ನಿನ್ನನ್ನು ನೋಡಿ ಮೊದಲು ಮಾಡಿದ್ದನ್ನು. ಕಾವಲುಗಾರ ಬಂದಾಗ ಒಬ್ಬಳು ಕಿರುಚಿ ಹೆಡ್‌ಫೋನ್ ಕಿತ್ತೆಸೆದಳು. "ಟಾರ್ಚ್ ನೋಡಿ ಹೆದರಿದ್ಯಾ?" ಅಂತ ಕೇಳಿದರೆ, "ಅಲ್ಲ, ಅವನ ನಡಿಗೆ. ಏನೋ ಸರಿ ಇಲ್ಲ ಅವನಲ್ಲಿ" ಅಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ಮೇಡಂ ಮಾತ್ರ ಹೊಡೆಯಲಿಲ್ಲ. ನಿನ್ನ ವಿಡಿಯೊ ಕೇಳಿ ತರಿಸಿಕೊಂಡು ನೋಡಿದರು. "ಬಲಗೈ ನಿನ್ನ ತಪ್ಪಲ್ಲ. ನೀನು ಕಂಡದ್ದನ್ನೇ ಮಾಡಿದ್ದೆ, ನಾನೇ ತಿದ್ದಿಸಿದೆ. ಇವರನ್ನ ನರಗಳ ಡಾಕ್ಟರಿಗೆ ತೋರಿಸಿದೀರಾ?" ಅಂದರು.

ಅದಕ್ಕೇ ಎರಡನೇ ವಿಡಿಯೊ ಕೇಳಿದ್ದು. ಚಿತ್ರ ಚಿತ್ರ ಬಿಡಿಸಿ ಎಣಿಸಿದ್ದೇನೆ. ನೀನು ಹನ್ನೊಂದು ಹೆಜ್ಜೆ ಸಿಪಾಯಿ ಥರ ಬೀಸಿದೆ. ದರ್ಜಿ ಕೂಗಿದ ತಕ್ಷಣ ಬೀಸುವುದು ಮರೆತೆ, ಕೈ ಅಲ್ಲೇ ನಿಂತಿತು, ಆಮೇಲೆ ಒಂದು ಸಲವೂ ಅಲುಗಲಿಲ್ಲ. ತಿರುಗಲು ಒಂಬತ್ತು ಹೆಜ್ಜೆ. ಬಲಗೈ ಬೆರಳು ಮೊದಲ ನಾಲ್ಕು ಸಲ ಅಗಲವಾಗಿ ತೆರೆಯಿತು, ಆಮೇಲೆ ಕಡಿಮೆಯಾಗುತ್ತಾ ಬಂತು, ಹನ್ನೆರಡನೆಯದಕ್ಕೆ ಅಂಟಿಕೊಂಡಿತು. ಎರಡು ವರ್ಷದ ಹಿಂದೆ ನೀನು ಶಾಲೆಯ ಗೋಡೆ ಬರೆಯುವಾಗ ನಾನು ತೆಗೆದ ವಿಡಿಯೊ ಇದೆ. ಅದರಲ್ಲಿ ಎರಡೂ ಕೈ ಬೀಸುತ್ತವೆ. ಒಂದೇ ಏಟಿಗೆ ತಿರುಗುತ್ತೀಯ.

ಅಕ್ಷರ ಸಣ್ಣದಾಗುವುದು, ವಾಸನೆ ಹೋಗುವುದು, ಇವೆಲ್ಲ ಒಂದೇ ಕಾಯಿಲೆಯ ಗುರುತು ಇರಬಹುದಂತೆ. ಇಲ್ಲದೆಯೂ ಇರಬಹುದು. ನಾನು ಡಾಕ್ಟರಲ್ಲ. ಆದರೆ ಟ್ಯಾಂಕು ಹತ್ತಬೇಡ. ಮೊದಲು ತೋರಿಸು. ನನಗೆ ತುಂಬ ಹೆದರಿಕೆಯಾಗುತ್ತಿದೆ.

ಮೂರು ವಾರ ನಾನು ನಿನ್ನ ಕೈಯನ್ನು ಪರದೆಯ ಮೇಲೆ ಚೆಂದ ಮಾಡುತ್ತಾ ಕೂತಿದ್ದೆ. ಆ ಮೂರು ವಾರದಲ್ಲೇ ನೀನು ಬಿದ್ದದ್ದು. ನಾಯಿ ಇರಲಿಲ್ಲ ಅಲ್ಲವಾ?

ಪೆನ್ಸಿಲ್ಲು


ಮಾರ್ಚ್ 6

ತಮ್ಮ ಪತ್ರ ತಲುಪಿತು. ವಿಷಯ ತಿಳಿಯಿತು.

ತಾವು ಬೊಂಬೆ ಆಡಿಸಲು ಹೋಗಿ ಡಾಕ್ಟರಾಗಿ ಬಂದಿರುವುದು ಸಂತೋಷ. ಕೈ ಹಿಡಿದು ಅ ಆ ತಿದ್ದಿಸಿದವನ ಬೆರಳನ್ನು ಮೋಸದಿಂದ ತರಿಸಿಕೊಂಡು, ಊರವರ ಮುಂದೆ ಹರವಿ, ಎಣಿಸಿದ್ದೀರಿ. ಎಷ್ಟು ಸಲ ತೆರೆಯಿತು, ಎಷ್ಟು ಸಲ ಮುಚ್ಚಿತು. ಚೆನ್ನಾಗಿದೆ ವಿದ್ಯೆ.

ನನ್ನ ಭುಜ ಹಿಡಿದಿದೆ. ಕುರ್ಚಿ ತಗ್ಗು. ಟರ್ಪೆಂಟೈನ್ ಕಲಬೆರಕೆ. ನಾಯಿ ಇತ್ತು.

ಹನ್ನೆರಡಕ್ಕೆ ಟ್ಯಾಂಕು ಹತ್ತುತ್ತೇನೆ. ಬೇರೆ ಯಾರಿಗೂ ಆ ಅಕ್ಷರ ಬರೆಯಲು ಬರುವುದಿಲ್ಲ. ಈ ವಿಷಯ ನಿಮ್ಮತ್ತೆಯ ಕಿವಿಗೆ ಬಿದ್ದರೆ ನಾನು ನಿನ್ನ ಮಾವನಲ್ಲ.

ಇನ್ನು ವಿಡಿಯೊ ಇಲ್ಲ.


ಮಾರ್ಚ್ 10

ಮಾವ,

ನಿನ್ನ ಕಾಗದ ಈಗ ಬಂತು. ಇಷ್ಟು ಚಿಕ್ಕ ಕಾಗದ ನೀನು ಯಾವತ್ತೂ ಬರೆದಿರಲಿಲ್ಲ. ಭೂತಗನ್ನಡಿ ಹಿಡಿದು ಓದಿದೆ.

ಬೈದದ್ದಕ್ಕೆ ಬೇಜಾರಿಲ್ಲ. ನಾಲ್ಕು ದಿನದಿಂದ ಫೋನು ಮಾಡುತ್ತಿದ್ದೇನೆ, ಅಂಗಡಿಯದನ್ನು ನೀನು ಎತ್ತುವುದಿಲ್ಲ. ಈ ಕಾಗದ ಹನ್ನೆರಡರೊಳಗೆ ಸೇರುವುದಿಲ್ಲ ಅಂತ ಅಂಚೆಯವರೇ ಹೇಳಿದರು. ಆದರೂ ಬರೆಯುತ್ತಿದ್ದೇನೆ, ಬೇರೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ. ಕಣ್ಣು ಮುಚ್ಚಿದರೆ ಅಟ್ಟಣೆಯ ಮೇಲೆ ನೀನು ತಿರುಗುತ್ತಿರುವುದು ಕಾಣುತ್ತದೆ. ಒಂಬತ್ತು ಹೆಜ್ಜೆ ಬೇಕು ನಿನಗೆ. ಆ ಹಲಗೆಯ ಮೇಲೆ ಒಂಬತ್ತು ಹೆಜ್ಜೆಗೆ ಜಾಗ ಎಲ್ಲಿದೆ?

ಇವತ್ತು ಸಂಜೆ ಅತ್ತೆಗೆ ಫೋನು ಮಾಡಿ ಎಲ್ಲ ಹೇಳುತ್ತೇನೆ. ಮಾವನಾಗಿ ಉಳಿಯದಿದ್ದರೂ ಸರಿ. ಉಳಿದರೆ ಸಾಕು.


ಮಾರ್ಚ್ 22

ನನ್ನ ಪೆನ್ಸಿಲ್ ಸೊಸೆಗೆ,

ನಿನ್ನ ಹತ್ತನೇ ತಾರೀಖಿನ ಕಾಗದ ಹದಿನಾಲ್ಕಕ್ಕೆ ಬಂತು. ಓದುವವನು ಇನ್ನೂ ಇದ್ದ, ಆದ್ದರಿಂದ ಓದಿದೆ.

ಹನ್ನೆರಡನೇ ತಾರೀಖಿನ ಕಥೆಯನ್ನು ನಾನೇ ಹೇಳಬೇಕು. ದರ್ಜಿ ಹೇಳಿದರೆ ಅದರಲ್ಲಿ ನಾನು ಅತ್ತಿರುತ್ತೇನೆ. ಅತ್ತಿಲ್ಲ.

ಬೆಳಿಗ್ಗೆ ನಿಮ್ಮತ್ತೆ ಗುಂಡಿ ಹಾಕಿದಳು, ಚಪ್ಪಲಿ ಮೆಟ್ಟಿ ನನ್ನ ಜೊತೆಗೇ ಹೊರಟಳು. "ನೀನ್ಯಾಕೆ?" ಅಂದೆ. "ಅಕ್ಷರ ನೋಡೋಕೆ" ಅಂದಳು. ನೀನು ಅವಳಿಗೆ ಹೇಳಿದ್ದೀಯ ಅಂತ ನನಗೆ ಆಗ ಗೊತ್ತಿರಲಿಲ್ಲ. ಟ್ಯಾಂಕಿನ ಬುಡದಲ್ಲಿ ಕೆಲಸದವರು ಸೊಂಟಕ್ಕೆ ಹಗ್ಗ ಕಟ್ಟಿದರು. ಮೊದಲ ಅಂತಸ್ತಿಗೆ ಹತ್ತಿದೆ, ಹನ್ನೆರಡು ಅಡಿ. ಅಲ್ಲಿ ಹಲಗೆಯ ಮೇಲೆ ನಾಲ್ಕು ಹೆಜ್ಜೆ ನಡೆದು, ತಿರುಗಿ, ಎರಡನೇ ಏಣಿ ಹಿಡಿಯಬೇಕು.

ತಿರುಗಲು ಹೋದೆ. ಕಾಲು ಬರಲಿಲ್ಲ.

ನೋವಿಲ್ಲ, ಜೋಮು ಹಿಡಿದಿಲ್ಲ. ನಡಿ ಅಂತ ಹೇಳುತ್ತಿದ್ದೇನೆ, ಅದು ಕೇಳುತ್ತಿಲ್ಲ. ಹಲಗೆಗೆ ಅಂಟು ಹಾಕಿ ನಿಲ್ಲಿಸಿದ ಹಾಗೆ. ಮೈ ಮಾತ್ರ ಮುಂದಕ್ಕೆ ವಾಲುತ್ತಿದೆ. ಕೆಳಗಿನಿಂದ ಒಬ್ಬ, "ಏನ್ ಪೇಂಟರೇ, ಸೀನರಿ ನೋಡ್ತಿದೀರಾ?" ಅಂದ. ಎಲ್ಲರೂ ನಕ್ಕರು. ನಾನೂ ನಗಬೇಕು ಅಂದುಕೊಂಡೆ. ಕೈಯಲ್ಲಿದ್ದ ಬ್ರಷ್ಷು ಜಾರಿ ಕೆಳಗೆ ಹೋಯಿತು. ಅದು ನೆಲ ಮುಟ್ಟುವವರೆಗೂ ನೋಡಿದೆ, ಸೊಸೆ. ಎಷ್ಟು ಹೊತ್ತು ಬೀಳುತ್ತದೆ ಒಂದು ಬ್ರಷ್ಷು! ನೀನಾಗಿದ್ದರೆ ಎಷ್ಟು ಚಿತ್ರ ಅಂತ ಎಣಿಸುತ್ತಿದ್ದೆ.

ಆಗ ನಿಮ್ಮತ್ತೆಯ ದನಿ ಕೇಳಿತು. ಮೂವತ್ತು ವರ್ಷದಲ್ಲಿ ಅವಳು ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿಲ್ಲ. "ಕೆಳಗೆ ನೋಡಬೇಡಿ. ನನ್ನ ಮಾತು ಕೇಳಿ. ಎಡ! ಬಲ! ಎಡ! ಬಲ!" ಮೊದಲ ಎರಡು ಸಲ ಏನೂ ಆಗಲಿಲ್ಲ. ಮೂರನೇ "ಎಡ"ಕ್ಕೆ ಕಾಲು ಕಿತ್ತು ಬಂತು. ನನ್ನ ಮಾತು ಕೇಳದ ಕಾಲು ಅವಳ ಮಾತು ಕೇಳಿತು. ಹಾಗೇ ಎಣಿಸುತ್ತಾ ಎಣಿಸುತ್ತಾ ಏಣಿಯ ಒಂದೊಂದು ಮೆಟ್ಟಿಲೂ ಇಳಿಸಿದಳು. ಕೆಳಗೆ ಬಂದ ಮೇಲೆ, "ಈಗ ಡಾಕ್ಟರ ಹತ್ರ ಹೋಗೋದು. ಅಲ್ಲಿವರೆಗೂ ಎಣಿಸ್ತೀನಿ, ಬೇಕಾದ್ರೆ" ಅಂದಳು. ಟ್ಯಾಂಕಿನ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟರು. ಅವನ "ರು" ಕೆಟ್ಟದಾಗಿದೆ, ಆ ಮಾತು ಬೇರೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉದ್ದ ಓಣಿಯಲ್ಲಿ ನಡೆಸಿದರು, ತಿರುಗಿಸಿದರು. ಎದೆಯ ಮೇಲೆ ಕೈ ಕಟ್ಟಿ ಕುರ್ಚಿಯಿಂದ ಏಳಿ ಅಂದರು. ಆಮೇಲೆ, "ಹೆಬ್ಬೆರಳಿಗೆ ತೋರುಬೆರಳು ತಟ್ಟಿ, ಬೇಗ ಬೇಗ" ಅಂದರು. ನನ್ನ ಕೈ ಅಲ್ಲೇ ನಿಂತಿತು. "ಇದನ್ನ ಆಗಲೇ ನನ್ನ ಸೊಸೆ ಮಾಡ್ಸಿದಾಳೆ" ಅಂದೆ. "ಅವರೂ ಡಾಕ್ಟರಾ?" ಅಂದರು. "ಅಲ್ಲ, ಆಟ ಮಾಡ್ತಾಳೆ" ಅಂದೆ. ಪಾರ್ಕಿನ್ಸನ್ ಅಂತ ಒಂದು ನರಗಳ ಕಾಯಿಲೆಯ ಹೆಸರು ಹೇಳಿದರು. ಮಾತ್ರೆ ಕೊಟ್ಟಿದ್ದಾರೆ, ದಿನಕ್ಕೆ ಮೂರು ಹೊತ್ತು. ವಾಸಿಯಾಗುವುದಲ್ಲ, ತಡೆದು ನಿಲ್ಲಿಸುವುದೂ ಅಲ್ಲ, ನನಗೆ ಅನುಕೂಲ ಮಾಡಿಕೊಡುವುದಂತೆ. ಏಣಿ ಇನ್ನಿಲ್ಲ.

ಮನೆಗೆ ಬಂದು ನಿಮ್ಮತ್ತೆಯನ್ನು ಕೇಳಿದೆ, "ನಿನಗೆ ಯಾವಾಗಿಂದ ಗೊತ್ತು?" ಅವಳು ತಟ್ಟೆ ಒರೆಸುತ್ತಲೇ ಇದ್ದಳು. "ಫೋನ್ ಹಿಡಿದೋಳು ನಾನು. ನೋಡದೇನೇ ಹಿಡಿದೆ ಅಂದ್ಕೊಂಡ್ರಾ?" ಅಂದಳು. ಹಾಲು ಉಕ್ಕಿರಲಿಲ್ಲವಂತೆ ಆ ದಿನ. ಒಲೆಯೇ ಹಚ್ಚಿರಲಿಲ್ಲವಂತೆ.

ನಾಯಿಯೂ ಇರಲಿಲ್ಲ, ಸೊಸೆ. ಅಂಗಡಿಯ ಏಣಿಯಿಂದ ಎರಡು ಸಲ ಬಿದ್ದೆ. ಒಂದು ಸಲ ಹೊಸ್ತಿಲಲ್ಲೇ ಕಾಲು ನಿಂತುಹೋಗಿ, ಯಾರೋ ಬರುತ್ತಿದ್ದಾರೆ ಅಂತ ಚಪ್ಪಲಿ ಸರಿಮಾಡುವವನ ಹಾಗೆ ಬಗ್ಗಿ ನಿಂತಿದ್ದೆ. ಹೋದ ಮಳೆಗಾಲದಿಂದ ಬೋರ್ಡಿನ ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಸಣ್ಣದಾಗುತ್ತಿತ್ತು. ಒರೆಸಿ ಒರೆಸಿ ಮತ್ತೆ ಬರೆಯುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ನೀನು ಎಣಿಸಿದ ದಿನ ನನಗೆ ಬಂದದ್ದು ಕೋಪವಲ್ಲ. ಹೆದರಿಕೆ. ಅದನ್ನು ಬರೆಯಲು ನನಗೆ ಪದ ಗೊತ್ತಿರಲಿಲ್ಲ, ಕೋಪಕ್ಕೆ ಬೇಕಾದಷ್ಟು ಗೊತ್ತಿತ್ತು.

ಈಗ ಇನ್ನೊಂದು ಹೆದರಿಕೆ ಇದೆ, ಅದನ್ನೂ ಬರೆದುಬಿಡುತ್ತೇನೆ. ಹೊರಡುವಾಗ ಡಾಕ್ಟರು, "ಮುಂದೆ ಮುಂದೆ ಮುಖದಲ್ಲಿ ಭಾವನೆ ಕಾಣೋದು ಕಡಿಮೆಯಾಗಬಹುದು. ಒಳಗೆ ನಗ್ತಿದ್ರೂ ಹೊರಗೆ ಗೊತ್ತಾಗಲ್ಲ. ಮನೆಯವರು ತಪ್ಪು ತಿಳೀಬಾರದು" ಅಂದರು. ಕೈ ಹೋಗಲಿ, ಏಣಿ ಹೋಗಲಿ. ಮುಖವೇ ಹೋದರೆ ಏನು ಮಾಡಲಿ? ನಾನು ದರ್ಜಿಗೆ ಒಂದು ಮಾತು ಅಂದು, ಇವನು ನಿಜವಾಗಿ ಬೈದ ಅಂತ ಅವನು ಎದ್ದು ಹೋದರೆ? ಜೀವನವೆಲ್ಲ ಈ ಮುಖ ಇಟ್ಟುಕೊಂಡೇ ತಪ್ಪಿಸಿಕೊಂಡು ಬಂದಿದ್ದೇನೆ.

ಮುಂದಿನ ಪಾಠ ಮುಖದ್ದು ಅಂತ ನೀನೇ ನಿಮ್ಮತ್ತೆಗೆ ಹೇಳಿದೆಯಂತೆ. ನನ್ನ ಮುಖ ತಗೋ. ಕಳ್ಳನಗೆ, ಹುಸಿಕೋಪ, ಸುಳ್ಳು ಹೇಳುವಾಗ ಎತ್ತುವ ಹುಬ್ಬು, ಬೈಸಿಕೊಂಡಾಗಿನ ಮುಗ್ಧತೆ, ಎಲ್ಲ ಕೊಡುತ್ತೇನೆ. ಮೂವತ್ತರ ಲೆಕ್ಕ ಬೇಡ, ಸೆಕೆಂಡಿಗೆ ಅರವತ್ತು ತಗೋ. ಈಗ ಎಲ್ಲ ಇದೆ. ಬೆಳಿಗ್ಗೆ ಕನ್ನಡಿಯಲ್ಲಿ ಒಂದೊಂದಾಗಿ ಮಾಡಿ ನೋಡಿದೆ, ಎಲ್ಲ ಇದೆ.

ನಿನ್ನೆ ನಿಮ್ಮತ್ತೆಗೇ ಹಿಡಿಯಲು ಹೇಳಿದೆ. ಹಿಡಿದಳು. ಚಿತ್ರವೆಲ್ಲ ನಡುಗಿದೆ, ಒಂದು ಹುಬ್ಬೂ ನೆಟ್ಟಗೆ ಕಾಣುವುದಿಲ್ಲ. ನಡುಗಿದ್ದು ಅವಳ ಕೈ, ನನ್ನದಲ್ಲ.

ರೈಲು ಹತ್ತು. ನೀನೇ ಬಂದು ಹಿಡಿ.

ನಿನ್ನ ಮಾವ